ದ್ಯಾಮಣ್ಣ ತೆಗೆದ ಮುಖದಚ್ಚು

ಭಾಳ ಹಿಂದಕ, ನಮ್ಮ ಮುತ್ಯಾನ ಮುತ್ಯಾನೂ ಕಣ್ಣಿಲೆ ಕಾಣದ ಕಾಲಕ್ಕ, ಹೊಳಿ ಈಚಿ ದಂಡಿಗೆ ಒಂದು ಊರಿತ್ತಂತ. ಆ ಊರಾಗ ಗೊಂಬಿ ಮಾಡೋರದು ಒಂದು ಓಣಿ. ಓಣ್ಯಾಗ ದ್ಯಾಮಣ್ಣ ಅಂತ ಗೊಂಬಿ ಅಚ್ಚು ಮಾಡೂ ಒಬ್ಬ ಚಿತ್ರಗಾರ. ಅವನು ಮಾಡಿದ ಅಚ್ಚು ಹೊಳ್ಯಾಗ ತೇಲಿ ಹೋಗಿ ವರ್ಷ ಬಿಟ್ಟು ಸಿಕ್ಕರೂ ಕೂದಲೆಳಿಯಷ್ಟೂ ಸೊಟ್ಟ ಆಗಿರಲಿಲ್ಲಂತ. ಆನಿ ತುಳಿದರೂ ಸೊಟ್ಟ ಆಗಲಿಲ್ಲಂತ. ನಗಬ್ಯಾಡ್ರೋ, ಹಂಗಂತಾರ, ನಾನೇನು ಆನಿ ಹಿಡಕೊಂಡು ನಿಂತಿದ್ನೇನು? ಆದ್ರ ಅವನ ಕೈಯಾಗ ಒಂದ ಒಂದು ಅಚ್ಚು ಸೊಟ್ಟ ಆತು. ನಾ ಹೇಳೂದು ಅದರ ಸುದ್ದಿ.

ಅದೇ ಊರಾಗ ಫಕೀರವ್ವ ಅಂತ ಗಂಡ ಸತ್ತ ಹೆಣ್ಣಮಗಳು. ಆಕಿಗೆ ಒಬ್ಬಾಕಿ ಮಗಳು, ನೀಲವ್ವ. ಆ ಕೂಸು ಜ್ವರ ಬಂದು ಸತ್ತಿತಂತ. ಹೊತ್ತು ಮುಳುಗೂದರಾಗ ಮಣ್ಣು ಮಾಡಬೇಕು. ಫಕೀರವ್ವ ದ್ಯಾಮಣ್ಣನ ಕಾಲು ಹಿಡಕೊಂಡು, ಯಣ್ಣಾ, ಮಗಳಂತೂ ಹ್ವಾದಳು, ಮುಖ ಆದ್ರೂ ಉಳಿಸಿಕೊಡು ಅಂದಳಂತ. ದ್ಯಾಮಣ್ಣ ಕೂಸಿನ ಮುಖಕ್ಕ ಎಣ್ಣಿ ಸವರಿದ. ಹುಣಸಿಬೀಜದ ಅಂಟಿನಾಗ ಕಟಗಿ ಹುಡಿ ಕಲಸಿ, ಹಳೇ ಅರಿವಿ ಚೂರು ಅದ್ದಿ, ಪದರಿನ ಮ್ಯಾಲೆ ಪದರು ಹಚ್ಚಿ ಅಚ್ಚು ತೆಗೆದ. ಕೂಸು ಮಣ್ಣಿಗೆ ಹೋತು, ಹಸಿ ಅಚ್ಚು ಉಳೀತು. ಅದು ಒಣಗಿದ ಮ್ಯಾಲೆ ಅದರಾಗ ಮಣ್ಣು ಒತ್ತಿದ್ರ ನೀಲವ್ವನ ಮುಖ ಬರಬೇಕು.

ಇಂಥಾ ಅಚ್ಚು ಒಣಗಿಸೂದು ಅಂದ್ರ ಹುಡುಗಾಟ ಅಲ್ಲ. ಮರಳು ತುಂಬಿ, ನೆರಳಾಗ ಇಟ್ಟು, ಹಸಿ ಅರಿವಿ ಹೊಚ್ಚಬೇಕು. ಒಳಗೂ ಹೊರಗೂ ಕೂಡೇ ಆರಬೇಕು. ದ್ಯಾಮಣ್ಣಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಆದ್ರ ಫಕೀರವ್ವ ಬಾಗಲಾಗ ಕುಂತಿದ್ದಳು. ಕೂಳಿಲ್ಲ, ನೀರಿಲ್ಲ. "ಆತೇನಣ್ಣಾ?" ಅನ್ನೂದು, ಒಳಗ ಹಣಕೂದು. ಮತ್ತ "ಆತೇನಣ್ಣಾ?" ಅವನಿಗೆ ಇನ್ನ ತಡಕೊಳ್ಳಾಕ ಆಗಲಿಲ್ಲ. ತುಂಬಿದ ಮರಳು ಹೊರಗ ಸುರುವಿ ಅಚ್ಚು ತಂದು ಬಿಸಲಿಗಿಟ್ಟ. ಅಯ್ಯ, ಕರುಳಿನ ಮಾತು ಕೇಳಿ ಕೆಲಸ ಕೆಡಿಸಿಕೊಂಡ.

ಹೊರಮೈ ಮೊದಲ ಒಣಗಿ ಜಗ್ಗಿತು, ಒಳಗಿನ್ನೂ ಹಸಿ. ಒಂದು ಗಲ್ಲ ಒಳಗ ಹೋತು, ತುಟಿ ಓರಿ ಆತು. ಮಣ್ಣು ಒತ್ತಿ ತೆಗೆದು ಕೊಟ್ರ ಫಕೀರವ್ವ ನೋಡಿ, "ಇಕಿ ನನ್ನ ಮಗಳಲ್ಲ" ಅಂದು ಎದ್ದು ಹೋದಳಂತ. ಬೈಲಿಲ್ಲ, ಅಳಲಿಲ್ಲ. ಬೈದಿದ್ರನ ಚಲೋ ಇತ್ತು.

ಆಮ್ಯಾಲೆ ದ್ಯಾಮಣ್ಣ ನೆನಪಿನಿಂದ ಆ ಮುಖ ತಿದ್ದಿ ತಿದ್ದಿ ಅಚ್ಚು ಮಾಡಿದಂತ. ಅರಿವಿ ಒಂದು ಪದರು ಉದ್ದಕ್ಕ, ಒಂದು ಪದರು ಅಡ್ಡಕ್ಕ ಹಚ್ಚೂದನ್ನ ಅವನೇ ಕಂಡುಹಿಡದಾನ ಅಂತಾರ. ಒಂದೂ ಸೊಟ್ಟ ಆಗಲಿಲ್ಲ. ಪ್ರತಿ ಸಲ ಒಯ್ದು ತೋರಸಾಂವ. ಪ್ರತಿ ಸಲ ಆಕಿ, ಚಲೋ ಐತಿ, ಆದ್ರ ಇಕಿ ಅಲ್ಲ, ಅನ್ನಾಕಿ. ಇಬ್ಬರ ತಲಿಯೂ ಬೆಳ್ಳಗಾತು. ಒಂದಿನ ಮತ್ತ ಒಯ್ದ. ಆಕಿ ಆ ಮುಖ ತೊಡಿ ಮ್ಯಾಲೆ ಇಟ್ಟುಕೊಂಡು ಭಾಳ ಹೊತ್ತು ನೋಡಿದಳು.

"ಇಕೀನ ಇರಬೇಕೇನೋ ಯಣ್ಣಾ. ನನಗ ಮಗಳ ಮುಖಾನ ಮರತು ಹೋಗೇತಿ. ಬರೇ ಅವತ್ತಿನ ಆ ಓರಿ ತುಟಿ ಕಣ್ಣ ಮುಂದ ಬರತೈತಿ" ಅಂದಳಂತ.

ಅವತ್ತಿಂದ ದ್ಯಾಮಣ್ಣ ಅಂಟು ಮುಟ್ಟಲಿಲ್ಲಂತ. ಹೆಂಗ ಮುಟ್ಟತಾನ ಪಾಪ!

ಇವತ್ತಿಗೂ ಆ ಓಣ್ಯಾಗ ಕೆಲಸ ಕಲಿಯೋರು ತಮ್ಮ ಮೊದಲನೇ ಅಚ್ಚಿನಾಗ ಒಂದು ಹೆಣ್ಣುಕೂಸಿನ ಮುಖ ಒತ್ತಿ, ಎಲ್ಲಾರಕಿಂತ ವಯಸ್ಸಾದ ಮುದುಕಿ ಮುಂದ ಒಯ್ದು ಇಡತಾರ. ನೀಲವ್ವನ್ನ ಈಗ ಯಾರು ಕಂಡಾರ? ಆದ್ರೂ ಆ ಮುದುಕಿ ಅದರ ಗಲ್ಲ ಸವರಿ, "ಹೌದು, ಇಕೀನ" ಅನ್ನಬೇಕು.