ಕೌಲಜ್ಜಿಯ ಮೈಮೇಲಿನ ದೇವರುಗಳು

ಮಕ್ಕಳೇ, ಮೊದಲು ಒಂದು ಒಗಟು ಬಿಡಿಸಿ. ಮನೆ ತುಂಬಾ ದೇವರು, ಒಂದೇ ಒಂದು ಕೋಣೆ ಖಾಲಿ. ಆ ಕೋಣೆಗೂ ಅದರ ಬಾಗಿಲಿಗೂ ಒಂದು ಮಾರು ದೂರ. ಬೆಳಿಗ್ಗೆ ತುಂಬಿಸಿದರೆ ಸಂಜೆಗೆ ಮತ್ತೆ ಖಾಲಿ. ಏನದು?

ತಲೆ ಕೆರೆದುಕೊಂಡಿದ್ದು ಸಾಕು. ನಿಮಗೆ ಬರುವುದಿಲ್ಲ. ಕಾಡಿನ ಪ್ರಾಣಿಗಳಿಗೂ ಬರಲಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು.

ಸೀಗೆಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ, ಹೊಂಗೆ ಮರದ ಕೆಳಗೆ, ಕೌಲಜ್ಜಿ ಎಂಬ ಮುದಿ ಹಸು. ಊರಲ್ಲಿದ್ದಾಗ ಹನ್ನೊಂದು ಕರು ಹಾಕಿದವಳು. ಹಾಲು ಬತ್ತಿದ ವರ್ಷ ಯಜಮಾನ ಅವಳ ಕೊರಳಿನ ಗಂಟೆ ಬಿಚ್ಚಿಕೊಂಡು, ಅವಳನ್ನು ಕಾಡಂಚಿಗೆ ಅಟ್ಟಿ ಹೋಗಿದ್ದ. ಅಟ್ಟಿದ್ದಕ್ಕಿಂತ ಗಂಟೆ ಬಿಚ್ಚಿಕೊಂಡಿದ್ದೇ ಅಜ್ಜಿಗೆ ಹೆಚ್ಚು ಬೇಜಾರು. ಈಗ ಕಾಲು ಸೋತಿತ್ತು, ಹಲ್ಲು ಸವೆದಿತ್ತು. ಎಳೆ ಹುಲ್ಲು ಇದ್ದದ್ದು ಆಚೆ ದಡದಲ್ಲಿ.

ಆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು. ಕೊಳದ ದಡದಲ್ಲಿ ನಿಂತಿರುವ ಪ್ರಾಣಿಯನ್ನು ಯಾರೂ ಮುಟ್ಟುವಂತಿಲ್ಲ. ಬಿದ್ದು ಏಳಲಾರದೆ ಹೋದರೆ ಮಾತ್ರ ಅದು ಹುಲಿಯ ಪಾಲು. ಹಾಗಾಗಿ ಹುಲಿ ಪಟ್ಟೆರಾಯ ದಿನಾ ಬಿಸಿಲೇರುವ ಹೊತ್ತಿಗೆ ಬಂದು ವಿಚಾರಿಸುತ್ತಿದ್ದ.

"ಅಜ್ಜಿ, ಎದ್ದಿದ್ದೀಯಾ?"

"ಎದ್ದಿದ್ದೀನಿ ಕಣಪ್ಪ."

"ಇರಲಿ ಇರಲಿ, ಅವಸರ ಇಲ್ಲ. ನಾಳೆ ಬರ್ತೀನಿ."

ಈ ಸುದ್ದಿ ಕೇಳಿ ನವಿಲು ಬಂಗಾರಯ್ಯನ ಕರುಳು ಚುರುಕ್ ಎಂದಿತು. "ಗೋವನ್ನು ಉಳಿಸಬೇಕು. ಸಂಘ ಕಟ್ಟೋಣ. ಅಧ್ಯಕ್ಷ ನಾನೇ ಆಗ್ತೀನಿ, ಬೇಡ ಅನ್ನಬೇಡಿ."

ಯಾರೂ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ.

ಇಲಿ ಗಿಡ್ಡಪ್ಪ ಊರು ಸುತ್ತಿದವನು. "ಊರಿನವರೂ ಹೀಗೇ ಮಾಡಿದ್ರು ಸ್ವಾಮಿ, ನಮ್ಮ ಮುತ್ತಾತನ ಕಾಲದಲ್ಲಿ. ಹಸು ಕಡಿಯಬಾರದು ಅಂತ ಊರೂರಲ್ಲಿ ಸಭೆ ಸೇರಿಸಿದ್ರು. ಹಸುವಿನ ಮೈತುಂಬ ದೇವರು ಕೂತಿರೋ ಪಟ ಮೆರವಣಿಗೆ ಮಾಡಿದ್ರು. ಮನೆಮನೆಯಿಂದ ಹಿಡಿ ಹಿಡಿ ಅಕ್ಕಿ ಎತ್ತಿ, ಅದರಲ್ಲಿ ಮುದಿ ಹಸುಗಳನ್ನ ಸಾಕಿದ್ರು."

"ಪಟ ಸಿಗುತ್ತಾ?" ಎಂದ ಬಂಗಾರಯ್ಯ. ಹಿಡಿ ಅಕ್ಕಿಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ.

ಗಿಡ್ಡಪ್ಪ ಊರಿಗೆ ಓಡಿ ಒಂದು ಹಳೇ ಪಟ ಕಚ್ಚಿಕೊಂಡು ಬಂದ. ಕೊಂಬಿನಲ್ಲಿ ದೇವರು, ಹಣೆಯಲ್ಲಿ ದೇವರು, ಬಾಲದಲ್ಲಿ ದೇವರು. ಹೊಟ್ಟೆ ಇರಬೇಕಾದಲ್ಲಿ ಮಾತ್ರ ದೊಡ್ಡ ತೂತು.

"ದಾರೀಲಿ ಹಸಿವಾಯ್ತು," ಎಂದು ಗಿಡ್ಡಪ್ಪ ಮೀಸೆ ಒರೆಸಿಕೊಂಡ.

ಬಂಗಾರಯ್ಯ ತೂತನ್ನು ಗಂಭೀರವಾಗಿ ನೋಡಿದ. "ಹೊಟ್ಟೆಯಲ್ಲಿ ಯಾರೂ ಇಲ್ಲ ಅಂತಾಯ್ತು. ಮಿಕ್ಕ ಜಾಗ ಹಂಚಿಕೊಳ್ಳೋಣ. ನನ್ನ ಬೆನ್ನೇರೋನು ಸುಬ್ರಾಯ, ಎತ್ತರದ ಜಾಗ ಅವನಿಗೆ."

ಹೀಗೆ ಕೊಂಬು ಹೋಯಿತು. ಗಿಡ್ಡಪ್ಪ ತನ್ನ ಗಣಪನಿಗೆ ಹಣೆ ಹಿಡಿದ. ಕಾಗೆ ಕಾಳವ್ವ ಶನಿಮಹಾತ್ಮನಿಗೆ ಬಾಲ ಕೇಳಿದಳು. ಕೊಡದಿದ್ದರೆ ಏನಾದೀತೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ತಕರಾರು ತೆಗೆಯಲಿಲ್ಲ.

ಕೊಳದ ಕೆಸರಿನಿಂದ ಕೋಣ ಬೋರಣ್ಣ ತಲೆ ಎತ್ತಿದ. "ನಮ್ಮ ಯಜಮಾನರಿಗೂ ಒಂದು ಜಾಗ ಸಿಗುತ್ತಾ? ಗೊರಸಾದ್ರೂ ಪರವಾಗಿಲ್ಲ."

"ನಿಮ್ಮ ಯಜಮಾನರು ಯಮ ಅಲ್ವಾ? ಬದುಕಿಸೋ ಸಂಘದಲ್ಲಿ ಯಮನಿಗೇನು ಕೆಲಸ ಮಾರಾಯ? ನಡಿ ಆಚೆ," ಎಂದ ಬಂಗಾರಯ್ಯ.

ಬೋರಣ್ಣ ಮತ್ತೆ ಕೆಸರಿಗೆ ಇಳಿದ.

ಕೆಮ್ಮಣ್ಣು, ಇದ್ದಿಲು ತಂದು ಎಲ್ಲರೂ ಅಜ್ಜಿಯ ಮೈಮೇಲೆ ತಮ್ಮ ತಮ್ಮ ದೇವರನ್ನು ಬಿಡಿಸಿದರು. ಕಾಳವ್ವನ ರೆಕ್ಕೆ ತಾಗಿ ಗಣಪನ ಒಂದು ಕಿವಿ ಅಳಿಸಿಹೋಯಿತು. ಜಗಳ ಹತ್ತಿಕೊಂಡಿತು. ಕೊನೆಗೆ ಅಧ್ಯಕ್ಷರು ನಿಯಮ ಮಾಡಿದರು. "ಯಾರ ಜಾಗ ಅವರದ್ದು. ಅಲ್ಲಿ ಅವರು ಏನು ಮಾಡಿದ್ರೂ ಬೇರೆಯವರು ತಲೆ ಹಾಕಬಾರದು." ಎಲ್ಲರೂ ಕೊಳದ ನೀರು ಮುಟ್ಟಿ ಆಣೆ ಇಟ್ಟರು.

ಅಂದಿನಿಂದ ದಿನಕ್ಕೆ ಮೂರು ಪ್ರದಕ್ಷಿಣೆ, ಎರಡು ಭಾಷಣ. ಬಂಗಾರಯ್ಯ ಗರಿ ಬಿಚ್ಚಿ "ಜಗನ್ಮಾತೆ" ಎನ್ನುವಾಗ ಕೌಲಜ್ಜಿ ಆ ಗರಿಗಳನ್ನೇ ನೋಡುತ್ತಾ, ಇವನ್ನು ತಿನ್ನೋಕಾಗುತ್ತಾ ಅಂತ ಯೋಚಿಸುತ್ತಿದ್ದಳು.

"ಬಂಗಾರಯ್ಯ, ಆಚೆ ದಡದ ಹುಲ್ಲು ಒಂಚೂರು..."

"ಅಲುಗಾಡಬೇಡ ತಾಯಿ. ಬಣ್ಣ ಇನ್ನೂ ಹಸಿ ಇದೆ."

ಹಾಗಾದರೆ ಅಜ್ಜಿ ಬೀಳದೆ ನಿಂತದ್ದು ಹೇಗೆ? ದಿನಾ ಬೆಳಿಗ್ಗೆ, ಸಂಘದವರು ಕಣ್ಣು ಬಿಡುವ ಮುಂಚೆ, ಬೋರಣ್ಣ ಕೊಳದ ನಡುವಿನಿಂದ ಎಳೆಯ ಜೊಂಡುಹುಲ್ಲನ್ನು ಬಾಯ್ತುಂಬ ಕಿತ್ತು ತಂದು ಅವಳ ಮುಂದೆ ಹಾಕುತ್ತಿದ್ದ.

"ಕೆಸರು ವಾಸನೆ ಅಜ್ಜಿ, ಬೇಜಾರು ಮಾಡ್ಕೋಬೇಡ."

"ಬೇಜಾರು ಮಾಡ್ಕೊಂಡೇ ತಿಂತೀನಿ, ಹಾಕೋ."

ಹದಿನೈದನೇ ದಿನ ಪಟ್ಟೆರಾಯನಿಗೆ ತಾಳ್ಮೆ ಕೆಟ್ಟಿತು. ಈ ಮುದುಕಿ ಬೀಳುವ ಹಾಗೆ ಕಾಣಲಿಲ್ಲ. ಅವನು ಸ್ನಾನ ಮಾಡಿ, ಹಣೆಗೆ ಕೆಮ್ಮಣ್ಣು ಬಳಿದುಕೊಂಡು ಸಭೆಗೆ ಬಂದು ಕೈಮುಗಿದ.

"ನಾನೂ ಸಂಘಕ್ಕೆ ಸೇರ್ತೀನಿ. ಅಮ್ಮನವರು ಸವಾರಿ ಹೊರಡೋದು ನನ್ನ ಬೆನ್ನ ಮೇಲೆ. ಅವರಿಗೆ ಜಾಗ ಎಲ್ಲಿದೆ?"

ಬಂಗಾರಯ್ಯನ ಎದೆ ಉಬ್ಬಿತು. ಹುಲಿಯೇ ಸದಸ್ಯನಾದ ಮೇಲೆ ಇನ್ನೇನು ಬೇಕು. "ಹೊಟ್ಟೆ ಒಂದು ಖಾಲಿ ಇದೆ, ಬನ್ನಿ ಬನ್ನಿ."

"ಸಾಕು. ಹೊಟ್ಟೆ ನಮ್ಮದು," ಎಂದ ಪಟ್ಟೆರಾಯ. "ಆಣೆ ನೆನಪಿದೆ ತಾನೇ? ಕೊಳದ ನೀರು ಮುಟ್ಟಿ ಇಟ್ಟ ಆಣೆ ಕಾಡಿನ ಕಟ್ಟಳೆಗಿಂತ ದೊಡ್ಡದು. ಯಾರ ಜಾಗ ಅವರದ್ದು. ಕೊಂಬು, ಹಣೆ, ಬಾಲ ನೀವೇ ಇಟ್ಕೊಳ್ಳಿ, ನಾನು ಮುಟ್ಟಲ್ಲ. ನನ್ನ ಜಾಗ ಮಾತ್ರ ಈಗಲೇ ತಗೊಂಡು ಹೋಗ್ತೀನಿ."

ಕಾಳವ್ವನ ಕೊಕ್ಕು ತೆರೆದದ್ದು ಮುಚ್ಚಲಿಲ್ಲ. ಗಿಡ್ಡಪ್ಪ ಪಟದ ಹಿಂದೆ ಬಚ್ಚಿಟ್ಟುಕೊಂಡ, ಆದರೆ ತೂತಿನಿಂದ ಮೂತಿ ಕಾಣುತ್ತಿತ್ತು. "ಆಣೆ ಅಂದ್ರೆ ಆಣೆ," ಎಂದು ಬಂಗಾರಯ್ಯ ನೆಲ ನೋಡಿದ.

ಕೌಲಜ್ಜಿ ಕೊಳದ ಕಡೆ ತಿರುಗಿದಳು. "ಬೋರಾ," ಎಂದಳು, ಅಷ್ಟೇ.

ಕೊಳ ಕದಡಿತು. ಬೋರಣ್ಣ ಕೆಸರು ಸುರಿಸುತ್ತಾ ಬಂದು ಅಜ್ಜಿಯ ಪಕ್ಕ ನಿಂತ. "ಹೊಟ್ಟೆ ಖಾಲಿ ಅಂದೋರು ಯಾರು? ಹದಿನೈದು ದಿನದಿಂದ ಅಲ್ಲಿ ನಾನು ತಂದ ಜೊಂಡು ಇದೆ. ಅದರ ಜೊತೆ ನಮ್ಮ ಯಜಮಾನರೂ ಒಳಗೆ ಹೋಗಿ ಕೂತಿದ್ದಾರೆ. ನೀವ್ಯಾರೂ ಜಾಗ ಕೊಡಲಿಲ್ಲ, ಅಜ್ಜಿ ಕೊಟ್ಟಳು."

"ಸುಳ್ಳು," ಎಂದ ಪಟ್ಟೆರಾಯ.

ಕೌಲಜ್ಜಿ ಕತ್ತು ನೀಳ ಮಾಡಿ, ಒಂದು ತೇಗು ತೇಗಿ, ನಿಧಾನವಾಗಿ ಮೆಲುಕು ಹಾಕತೊಡಗಿದಳು. ತುಟಿಯಂಚಿನಲ್ಲಿ ಹಸಿರು ಜೊಂಡಿನ ಎಳೆ ಕಾಣಿಸಿತು.

"ನೋಡಿದ್ಯಲ್ಲ. ಈಗ ಬೇಕಾದ್ರೆ ತಿನ್ನು," ಎಂದ ಬೋರಣ್ಣ. "ಯಮನನ್ನ ನುಂಗಿದ ಮೇಲೆ ನೀರು ಕುಡಿಯೋಕೆ ಉಳಿದವರು ಯಾರಾದ್ರೂ ಇದ್ದಾರಾ, ಒಂದು ಸಲ ಯೋಚನೆ ಮಾಡಿ ತಿನ್ನು."

ಪಟ್ಟೆರಾಯ ಯೋಚನೆ ಮಾಡಿದ. ಅವನ ಬಾಲ ತಾನಾಗಿ ಕಾಲ ಸಂದಿಗೆ ಹೋಯಿತು. "ಅಜ್ಜಿ ಎದ್ದೇ ಇದ್ದಾಳಲ್ಲ," ಎಂದು ಗೊಣಗಿ, ಹಣೆಯ ಕೆಮ್ಮಣ್ಣು ಒರೆಸಿಕೊಂಡು ಹೊರಟುಹೋದ.

ಒಗಟಿನ ಕೋಣೆ ಯಾವುದು ಅಂತ ಈಗ ಗೊತ್ತಾಯಿತಲ್ಲ? ಸಂಘದವರಿಗೂ ಗೊತ್ತಾಯಿತು. ಮಾರನೇ ಬೆಳಿಗ್ಗೆ ಕಾಳವ್ವ ಆಚೆ ದಡದಿಂದ ಕೊಕ್ಕಿನ ತುಂಬ ಎಳೆ ಹುಲ್ಲು ತಂದಳು. ಗಿಡ್ಡಪ್ಪ ಮೂರೇ ಮೂರು ಗರಿಕೆ ತಂದ, ಒಂದನ್ನೂ ದಾರಿಯಲ್ಲಿ ತಿನ್ನಲಿಲ್ಲ. ಬಂಗಾರಯ್ಯ ಭಾಷಣ ಅರ್ಧಕ್ಕೆ ನಿಲ್ಲಿಸಿ ಹುಲ್ಲು ಹುಡುಕಿಕೊಂಡು ಹೋದ. "ನಮ್ಮ ಸುಬ್ರಾಯನಿಗೂ ಹೊಟ್ಟೆಯಲ್ಲೇ ಜಾಗ ಇರಲಿ ಬೋರಣ್ಣ, ಸ್ವಲ್ಪ ಒತ್ತಿ ಕೂತ್ಕೊಳ್ಳೋಕೆ ಹೇಳು." ಮೊದಲ ಮಳೆಗೆ ಅಜ್ಜಿಯ ಮೈಮೇಲಿನ ಬಣ್ಣವೆಲ್ಲ ತೊಳೆದುಹೋಯಿತು. ಅಜ್ಜಿ ಮಾತ್ರ ನಿಂತೇ ಇದ್ದಳು.

ನಿಜ ಹೇಳಿಬಿಡುತ್ತೇನೆ. ಹುಲಿ ಹೋಗುವವರೆಗೆ ಕತೆ ನಾನು ಕೇಳಿದ ಹಾಗೇ ಇದೆ. ಎಲ್ಲರೂ ಹುಲ್ಲು ತಂದರು ಅನ್ನುವುದು ನಾನು ಕಟ್ಟಿದ್ದು. ಕೇಳಿದ ಕತೆಯಲ್ಲಿ ಮಾರನೇ ಬೆಳಿಗ್ಗೆಯೂ ಬಂದವನು ಬೋರಣ್ಣ ಒಬ್ಬನೇ. ಆದರೆ ಕತೆ ನನ್ನ ಕೈಯಲ್ಲಿತ್ತು, ಕೌಲಜ್ಜಿಗೆ ಹಸಿವಾಗಿತ್ತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನೀತಿ: ಯಾರನ್ನಾದರೂ ಕಾಪಾಡಲು ಹೊರಟವರು ಮೊದಲು ಅವರ ಹೊಟ್ಟೆ ನೋಡಬೇಕು, ಕೊಂಬಿಗೆ ಬಣ್ಣ ಆಮೇಲೆ ಬಳಿಯಬಹುದು.