ಎಣ್ಣೆಸೀಮೆಯ ಮೂರೂವರೆ ಸೇತುವೆ

ಭೂಮಿ ಇನ್ನೂ ಬೆವರುತ್ತಿದ್ದ ಕಾಲದ ಮಾತು. ಒಂದು ನಾಡಿನಲ್ಲಿ ಅದು ಬೆವರಿದ್ದೆಲ್ಲ ಎಣ್ಣೆ.

ನೀವು ಸೀಮೆಎಣ್ಣೆ ಅನ್ನುತ್ತೀರಿ. ಅದು ಎಣ್ಣೆಸೀಮೆ. ಗೂಟ ಹೊಡೆದರೆ ಎಣ್ಣೆ, ಗೂಟ ಕಿತ್ತರೆ ಎಣ್ಣೆ. ಅಲ್ಲಿನ ಕಾಗೆಗಳು ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದುಕೊಂಡೇ ಗೂಡು ಬಿಡುತ್ತಿದ್ದವು. ನಂಬದಿದ್ದರೆ ಬಿಡಿ, ಕಾಗೆಗೇನೂ ನಷ್ಟವಿಲ್ಲ.

ಪರದೇಶದ ಹಡಗುಗಳು ಬಂದು ಎಣ್ಣೆ ಒಯ್ಯುತ್ತಿದ್ದವು. ಬದಲಿಗೆ ಹೊನ್ನು ಕೊಡುತ್ತಿದ್ದವು, ಅಕ್ಕಿ ಇಳಿಸುತ್ತಿದ್ದವು. ಗದ್ದೆಗೆ ಇಳಿಯುವವರೇ ಇಲ್ಲವಾದರು. ‘ಕೈ ಜಿಡ್ಡಾದರೆ ಬಾಯಿ ಮೊಸರು’ ಅಂತ ಗಾದೆಯನ್ನೇ ತಿದ್ದಿಕೊಂಡರು.

ಆ ನಾಡನ್ನು ಸೀಳಿಕೊಂಡು ಒಂದು ಹೊಳೆ. ಈಚೆ ದಡದಲ್ಲಿ ಊರು, ಎಣ್ಣೆಬಾವಿ, ಅರಮನೆ. ಆಚೆ ದಡದಲ್ಲಿ ಹಡಗು ನಿಲ್ಲುವ ಬಂದರು.

ಈಚೆ ದಡದ ಒಂದು ಗುಡಿಸಲಲ್ಲಿ ತೊರೆಯಯ್ಯ ಅನ್ನುವ ಗುರು ಇದ್ದರು.

ಅವರ ಶಿಷ್ಯ ಸಂಕಣ್ಣ, ಅರಮನೆಯ ಭಂಡಾರಿ. ಪರದೇಶದಿಂದ ಬಂದ ಹೊನ್ನಿನಲ್ಲಿ ಖರ್ಚಾಗಿ ಮಿಕ್ಕದ್ದನ್ನು ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕಾಯುವುದು ಅವನ ಕೆಲಸ. ಬೀಗದ ಕೈ ಉಡಿದಾರದಲ್ಲಿ. ಸ್ನಾನಕ್ಕೂ ಬಿಚ್ಚಿದವನಲ್ಲ.

ಒಂದು ದಿನ ಹೊತ್ತು ನೆತ್ತಿಗೇರುವ ಮುಂಚೆ ಅವನು ಗುಡಿಸಲಿಗೆ ಗಾಡಿ ಓಡಿಸಿಕೊಂಡು ಬಂದ. ಎತ್ತುಗಳ ಬಾಯಲ್ಲಿ ನೊರೆ. ಗಾಡಿಯಲ್ಲಿ ಆ ಪೆಟ್ಟಿಗೆ.

“ಗುರುವೇ, ಇದನ್ನು ಎಲ್ಲಾದರೂ ಬಚ್ಚಿಡಿ.”

“ಏನದು?”

“ನಾಡಿನ ಹೊನ್ನು. ದೊರೆ ಕೇಳ್ತಿದ್ದಾರೆ.”

“ದೊರೆಯ ನಾಡು, ದೊರೆಯ ಹೊನ್ನು. ಕೊಡು.”

“ಎಂಟನೇ ಸೇತುವೆಗಂತೆ! ಇವತ್ತೇ ಗುದ್ದಲಿ ಪೂಜೆಯಂತೆ! ಕೊಟ್ಟರೆ ಹೊನ್ನು ಹೋಯ್ತು. ಕೊಡದಿದ್ದರೆ ನನ್ನನ್ನು ಎಣ್ಣೆಬಾವಿಗೆ ಇಳಿಸ್ತಾರಂತೆ. ಹಗ್ಗ ಇಲ್ಲದೆ.”

ಗುರು ಒಲೆಯ ಮೇಲಿದ್ದ ಮಡಕೆಯಲ್ಲಿ ಸೌಟು ಆಡಿಸುತ್ತಿದ್ದರು.

“ಗಂಜಿ ಕುಡೀತೀಯಾ?”

ಸಂಕಣ್ಣ ಮಡಕೆಗೆ ಬಗ್ಗಿ ನೋಡಿದ. “ಇದರಲ್ಲಿ ಅಕ್ಕಿ ಎಲ್ಲಿದೆ?”

“ನಾನೂ ಅದನ್ನೇ ಹುಡುಕ್ತಿದ್ದೆ.”

ಆ ವರ್ಷ ಎಣ್ಣೆಯ ಬೆಲೆ ಬಿದ್ದಿತ್ತು. ಬೇರೆ ನಾಡುಗಳ ಭೂಮಿಯೂ ಬೆವರತೊಡಗಿತ್ತು. ಊರ ಕಣಜದ ಇಲಿಗಳು ಮರಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಗುಳೆ ಹೊರಟಿದ್ದವು.

ಆಚೆ ದಡದಲ್ಲಿ ಒಂದು ಅಕ್ಕಿ ಹಡಗು ನಿಂತಿತ್ತು. ಅದರ ಸಾಹುಕಾರ ಹಿಂದಿನ ದಿನವೇ ಅಂಬಿಗನ ಕೈಲಿ ಹೇಳಿ ಕಳಿಸಿದ್ದ: “ನಿಮ್ಮ ಎಣ್ಣೆ ಬೇಡ. ಹೊನ್ನು ತನ್ನಿ. ನಾಳೆ ಹೊತ್ತು ಮುಳುಗುವ ತನಕ ಕಾಯ್ತೀನಿ. ಆಮೇಲೆ ಹಾಯಿ ಬಿಚ್ಚಿ ಹೋಗ್ತೀನಿ.”

ಅಷ್ಟರಲ್ಲಿ ಹೊಳೆ ತುಂಬಿ ನೆರೆ ಬಂತು. ಬೆಳಿಗ್ಗೆ ನೀರಿಗಿಳಿದ ಹರಿಗೋಲು ಬುಗುರಿಯ ಹಾಗೆ ಸುತ್ತಿ ಒಡೆಯಿತು. ಅಂಬಿಗ ಬೇರು ಹಿಡಿದು ಬದುಕಿದ. ಇನ್ನು ಇಳಿಯಲ್ಲ ಅಂದ.

“ಅಕ್ಕಿಗಾದರೂ ಹೊನ್ನು ಕೊಡ್ತೀಯೇನು?” ಗುರು ಕೇಳಿದರು.

“ಅಕ್ಕಿಗೂ ತೆಗೆಯೋ ಮನಸ್ಸಿಲ್ಲ ಗುರುವೇ. ಇವತ್ತು ತೆಗೆದರೆ ನಾಳೆಗೇನು? ಇದು ಕಷ್ಟಕಾಲಕ್ಕೆ ಅಂತ ಇಟ್ಟಿದ್ದು.”

“ಇದು ಯಾವ ಕಾಲ?”

ಸಂಕಣ್ಣ ಹೊಳೆಯ ಕಡೆ ತಿರುಗಿದ. “ತೆಗೆದರೂ ಆಚೆಗೆ ಒಯ್ಯೋದು ಹೇಗೆ? ಹೊಳೆ ನೋಡಿ.”

“ಸೇತುವೆ ಇಲ್ವಾ?”

“ಏಳಿವೆ.”

“ಮತ್ತೇನು?”

“ಏಳೂ ಅರ್ಧ.”

“ಏಳು ಅರ್ಧ ಎಷ್ಟಾಯ್ತು?”

ಭಂಡಾರಿಯ ಬುದ್ಧಿ, ಕೇಳಬೇಕೇ? ತಟ್ಟನೆ ಅಂದ, “ಮೂರೂವರೆ.”

“ಆ ಅರ್ಧ ಬಿಟ್ಟುಬಿಡು. ಉಳಿದ ಮೂರರಲ್ಲಿ ಯಾವುದರ ಮೇಲೆ ಹೋಗೋಣ?”

ಗುರು ಎದ್ದು ನಡೆದೇಬಿಟ್ಟರು. ಸಂಕಣ್ಣ ಗಾಡಿ ಹೊಡೆದುಕೊಂಡು ಹಿಂದೆ ಬಂದ.

ದಡದುದ್ದಕ್ಕೂ ಸೇತುವೆಗಳು ಹೊಳೆಯ ಕಡೆ ಕೈ ಚಾಚಿ ನಿಂತಿದ್ದವು, ಭಿಕ್ಷೆಗೆ ನಿಂತ ಹಾಗೆ.

“ಇಷ್ಟೊಂದು ಯಾಕೋ?”

“ಬೆಲೆ ಏರಿದಾಗ ಒಂದು ಶುರುವಾಗ್ತದೆ ಗುರುವೇ. ಬಿದ್ದಾಗ ನಿಲ್ತದೆ. ಮತ್ತೆ ಏರಿದಾಗ ಇನ್ನೊಂದು ಶುರು.”

“ನಿಂತದ್ದನ್ನೇ ಮುಗಿಸಬಾರದೇ?”

“ಶುರು ಮಾಡೋನಿಗೆ ಹಾರ, ತುರಾಯಿ, ಕೊಂಬು ಕಹಳೆ. ಮುಗಿಸೋನಿಗೆ ಬರೀ ಬೆವರು. ಯಾರು ಮುಗಿಸ್ತಾರೆ?”

ಐದನೆಯ ಸೇತುವೆಯ ಮೇಲೆ ಗುರು ಕಾಲಿಟ್ಟರು. ಗಟ್ಟಿ ಕಲ್ಲಿನ ಕೆಲಸ. ತುದಿಯವರೆಗೂ ನಡೆದರು. ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ಕೆಳಗೆ ಒಂದು ಇಡೀ ಆಲದ ಮರ ಉರುಳಿಕೊಂಡು ಬಂದು, ಸೇತುವೆಯ ಕಾಲಿಗೆ ಬಡಿದು, ಕಡ್ಡಿಯ ಹಾಗೆ ಮುರಿದು ಹೋಯಿತು.

ಎದುರಿಗೆ, ಆಚೆ ದಡದಿಂದ ಬಂದ ಇನ್ನೊಂದು ತುದಿ. ನಡುವೆ ಒಂದೇ ಒಂದು ಕಣ್ಣು, ಅಂದರೆ ಒಂದು ಕಮಾನು, ಕಟ್ಟುವುದು ಬಾಕಿ.

“ಇದೊಂದು ಕಣ್ಣು ಯಾಕೆ ಬಿಟ್ಟರು?”

“ಬುಡದ ಕಲ್ಲಿನ ಮೇಲೆ ದೊರೆಯ ಅಣ್ಣನ ಹೆಸರಿದೆ. ಮುಗಿಸಿದರೆ ಅಣ್ಣನ ಸೇತುವೆ ಆಗಿಬಿಡ್ತದೆ.”

ಅಷ್ಟರಲ್ಲಿ ಡೋಲು ಕೇಳಿಸಿತು.

ದೊರೆ ಚೌಡರಸ ಬರುತ್ತಿದ್ದ. ಪಕ್ಕದಲ್ಲೇ ಎಂಟನೆಯ ಸೇತುವೆಯ ಪೂಜೆಗೆ ಚಪ್ಪರ ಎದ್ದಿತ್ತು. ಎಂಥ ಚಪ್ಪರ ಅಂತೀರಿ! ಅದರ ಒಂದು ತೊಲೆ ಹೊರಲು ಐವತ್ತು ಜನ, ಆ ಐವತ್ತು ಜನಕ್ಕೆ ನೀರು ಕೊಡಲು ಇನ್ನೈವತ್ತು ಜನ. ನಡುವೆ ಹಲಗೆ ಜೋಡಿಸಿದ ಜಗಲಿ. ಜಗಲಿಯ ಮೇಲೆ ತಟ್ಟೆ, ತಟ್ಟೆಯಲ್ಲಿ ಬೆಳ್ಳಿಯ ಗುದ್ದಲಿ.

ಹಿಂದೆ ಊರಿನ ಜನ. ಅವರ ಕೈಯಲ್ಲಿ ಖಾಲಿ ಚೀಲಗಳು.

ದೊರೆ ಜಗಲಿ ಹತ್ತಿ ಗಾಡಿಯನ್ನು ಕಂಡ.

“ಭಂಡಾರಿ! ಬೀಗದ ಕೈ.”

ಸಂಕಣ್ಣ ಸೊಂಟ ಹಿಡಿದುಕೊಂಡ. “ದೊರೆಗಳೇ, ಜನ ಹಸಿದಿದ್ದಾರೆ.”

“ಅದಕ್ಕೇ ಕಣಯ್ಯಾ ಸೇತುವೆ! ಕೆಲಸ ಶುರುವಾದರೆ ಕೂಲಿ. ಕೂಲಿ ಸಿಕ್ಕಿದರೆ ಅಕ್ಕಿ.”

“ಅಕ್ಕಿ ಎಲ್ಲಿಂದ ತರೋದು ದೊರೆಗಳೇ?”

“ಆಚೆ ದಡದಿಂದ.”

“ಆಚೆಗೆ ಹೋಗೋದು?”

“ಸೇತುವೆ ಮೇಲೆ!”

“ಅದು ಮುಗಿಯೋದು?”

“ಎಣ್ಣೆ ಬೆಲೆ ಏರಿದಾಗ.”

ಜನರ ನಡುವೆ ಯಾರೋ ಫಕ್ಕನೆ ನಕ್ಕರು. ದೊರೆ ತಿರುಗಿದ. ನಗು ಅಲ್ಲೇ ಸತ್ತಿತು.

“ಹಿಡೀರಿ ಇವನನ್ನ. ಬಾವಿಗೆ ಎಳೀರಿ.”

ಇಬ್ಬರು ಸಂಕಣ್ಣನ ರಟ್ಟೆ ಹಿಡಿದರು. ಈಟಿಯ ಮೊನೆ ಕುತ್ತಿಗೆಗೆ ಮುಟ್ಟಿತು. ಎಲ್ಲರ ಕಣ್ಣೂ ಅಲ್ಲೇ.

ಆಗ ಕಿರ್ರ್ ಅಂತ ಒಂದು ಸದ್ದು.

ತೊರೆಯಯ್ಯ ತಟ್ಟೆಯಿಂದ ಬೆಳ್ಳಿಯ ಗುದ್ದಲಿ ತೆಗೆದುಕೊಂಡಿದ್ದರು. ಅದನ್ನು ಜಗಲಿಯ ಹಲಗೆಯ ಸಂದಿಗೆ ಹಾಕಿ ಮೀಟುತ್ತಿದ್ದರು. ಆ ಗುದ್ದಲಿ ಹುಟ್ಟಿದ ಮೇಲೆ ಕೆಲಸ ಮಾಡಿದ್ದು ಅದೇ ಮೊದಲು.

ದಳವಾಯಿ ಓಡಿ ಬಂದ. “ನಿಲ್ಲಿಸಿ ಅಯ್ಯಾ! ಕೈಲಿ ಈಟಿ ಇದೆ.”

“ಇರಲಿ. ಬೆಳಿಗ್ಗೆ ಏನುಂಡೆ?”

ದಳವಾಯಿಯ ಈಟಿ ತಗ್ಗಿತು.

“ಮನೆಯಲ್ಲಿ ಏನಿದೆ?”

ದಳವಾಯಿ ದೊರೆಯ ಕಡೆ ನೋಡಿದ. ಜನರ ಕಡೆ ನೋಡಿದ. ಈಟಿಯನ್ನು ಚಪ್ಪರದ ಕಂಬಕ್ಕೆ ಒರಗಿಸಿ, ಹಲಗೆಯ ಇನ್ನೊಂದು ತುದಿ ಹಿಡಿದ.

ಅಷ್ಟೇ ಸಾಕಾಯಿತು. ಸಂಕಣ್ಣನ ರಟ್ಟೆ ಬಿಟ್ಟ ಆ ಇಬ್ಬರೂ ಸೇರಿ ಜನ ನುಗ್ಗಿದರು. ತೊಲೆ ಬಿಚ್ಚಿದರು, ಹಗ್ಗ ಬಿಚ್ಚಿದರು, ಹಲಗೆ ಕಿತ್ತರು. ಚಪ್ಪರ ಕರಗಿತು.

ಕೊನೆಗೆ ಒಂದೇ ಹಲಗೆ ಉಳಿಯಿತು. ಅದರ ಮೇಲೆ ದೊರೆ ನಿಂತಿದ್ದ.

“ಒಂದು ಹೆಜ್ಜೆ ಆಚೆ ಇಡಿ ದೊರೆ,” ಗುರು ಅಂದರು. “ಐದನೇ ಸೇತುವೆಯ ಕಣ್ಣಿಗೆ ಅದೂ ಬೇಕಾಗ್ತದೆ.”

“ಅದು ನಮ್ಮಣ್ಣನ ಸೇತುವೆ!”

“ಹೊಳೆಗೆ ಓದು ಬರಲ್ಲ.”

ದೊರೆಯ ಮುಖ ಕೆಂಪಾಯಿತು. ಕೈ ಕತ್ತಿಯ ಹಿಡಿಗೆ ಹೋಯಿತು. ಸುತ್ತ ನೋಡಿದ. ಅವನ ಆಳುಗಳೆಲ್ಲ ತೊಲೆ ಹೊತ್ತಿದ್ದರು.

ಇಳಿದ.

ತೊಲೆಗಳನ್ನು ಆ ಕಣ್ಣಿಗೆ ಅಡ್ಡ ಹಾಕಿದರು. ಮೇಲೆ ಹಲಗೆ ಬಿಗಿದರು. ಒಬ್ಬ ಜಾರಿದ, ಇಬ್ಬರು ಅವನ ಕಾಲು ಹಿಡಿದು ಎಳೆದುಕೊಂಡರು. ಹೊತ್ತು ಇಳಿಯುತ್ತಿತ್ತು. ಆಚೆ ದಡದಲ್ಲಿ ಹಡಗಿನವರು ಹಾಯಿಕಂಬ ಹತ್ತುವುದು ಕಾಣುತ್ತಿತ್ತು.

“ಪೆಟ್ಟಿಗೆ ತೆಗಿ,” ಗುರು ಅಂದರು.

ಸಂಕಣ್ಣ ಪೆಟ್ಟಿಗೆಯ ಮೇಲೆ ಕೂತಿದ್ದ.

“ಗುರುವೇ, ಹಲಗೆ ಮುರಿದರೆ? ಹೊನ್ನೂ ಹೋಯ್ತು, ನಾನೂ ಹೋದೆ.”

“ಮೊದಲು ಯಾವುದು ಹೋಯ್ತು ಅಂದೆ?”

ಸಂಕಣ್ಣ ತಲೆ ತಗ್ಗಿಸಿ ಉಡಿದಾರ ಬಿಚ್ಚಿದ.

ಬೀಗ ತಿರುಗಲಿಲ್ಲ. ಹುಂಡಿಯ ಹಾಗೆ ಮೇಲಿನ ಸೀಳಿನಿಂದ ಹೊನ್ನು ಹಾಕುತ್ತಲೇ ಬಂದಿದ್ದ; ಮುಚ್ಚಳ ತೆಗೆದದ್ದೇ ಇಲ್ಲ. ಎಣ್ಣೆಸೀಮೆಯಲ್ಲಿ ಆ ಒಂದು ಬೀಗ ಎಣ್ಣೆ ಕಂಡಿರಲಿಲ್ಲ. ಸಂಕಣ್ಣ ಬಲ ಹಾಕಿ ತಿರುಗಿಸಿದ, ಬೆರಳು ಸೀಳಿತು.

“ಇತ್ತ ಕೊಡಪ್ಪಾ,” ಅಂದಳು ಒಬ್ಬ ಹೆಂಗಸು. ಬೀಗದ ಕೈಯನ್ನು ತನ್ನ ತುರುಬಿಗೆ ನಾಲ್ಕು ಸಲ ಉಜ್ಜಿ ಕೊಟ್ಟಳು. “ಈಗ ನೋಡು.”

ಬೀಗ ಬಿಟ್ಟಿತು.

ಹೊನ್ನು ಎರಡು ಚೀಲಕ್ಕೆ ತುಂಬಿತು. ಸಂಕಣ್ಣ ಎರಡು ಹೆಗಲಿಗೂ ಹಾಕಿಕೊಂಡು ಹಲಗೆಯ ಮುಂದೆ ನಿಂತ. ಕಾಲು ಏಳಲಿಲ್ಲ.

“ನಾನು ಮೊದಲು ಹೋಗ್ತೀನಿ,” ಗುರು ಅಂದರು. “ನಾನು ಬಿದ್ದರೆ ನೀನು ಬರಬೇಡ.”

“ನೀವು ಬೀಳದಿದ್ದರೆ?”

“ಆಮೇಲೆ ನೆಪ ಹುಡುಕಬೇಡ.”

ಗುರು ದಾಟಿದರು. ಹಿಂದೆ ಸಂಕಣ್ಣ.

ನಡುವಿಗೆ ಬಂದಾಗ ಹಲಗೆ ಬಾಗಿತು. ಕಟಕ್ ಅಂದಿತು. ಕೆಳಗಿನ ನೊರೆ ಹಾರಿ ಅವನ ಮುಖಕ್ಕೆ ಬಡಿಯಿತು. ಸಂಕಣ್ಣ ನಿಂತುಬಿಟ್ಟ. ಕಣ್ಣು ಮುಚ್ಚಿದ.

ಆಚೆ ದಡದಲ್ಲಿ ಹಾಯಿ ಅರ್ಧ ಬಿಚ್ಚಿಕೊಂಡಿತು.

ಈಚೆ ದಡದಲ್ಲಿ ಯಾರೂ ಉಸಿರು ಬಿಡಲಿಲ್ಲ.

“ನಡಿಯೋ, ಸಂಕಣ್ಣಾ!” ಅಂತ ಒಂದು ಕೂಗು. “ನಡಿಯೋ ಮಹರಾಯ, ನಿನ್ನ ಕಾಲಿಗೆ ಬೀಳ್ತೀನಿ!”

ಕೂಗಿದವನು ದೊರೆ. ಅಣ್ಣನ ಸೇತುವೆಯ ತುದಿಯಲ್ಲಿ ನಿಂತು, ಕಿರೀಟ ತೆಗೆದು ಬೀಸುತ್ತಿದ್ದ.

ಸಂಕಣ್ಣ ಒಂದು ಕಾಲು ಎತ್ತಿದ. ಇನ್ನೊಂದು ಎತ್ತಿದ. ಆಮೇಲೆ ಓಡಿದ. ಕಲ್ಲು ಸಿಕ್ಕಿತು. ಬಂದರಿನವರೆಗೂ ಓಡಿದ.

ಸಾಹುಕಾರ ಲಂಗರಿನ ಹಗ್ಗಕ್ಕೆ ಕೈ ಹಾಕಿದ್ದ. ಚೀಲದ ಬಾಯಿ ಬಿಚ್ಚಿ ನೋಡಿದ. ಹಡಗಿನ ಮೇಲಕ್ಕೆ ಕೈ ತೋರಿಸಿದ.

ಹಾಯಿ ಇಳಿಯಿತು.

ಅಕ್ಕಿ ಮೂಟೆಗಳು ಹೆಗಲಿಂದ ಹೆಗಲಿಗೆ ಹೊರಟವು. ಸೇತುವೆ ಹತ್ತಿದವು, ಹಲಗೆ ದಾಟಿದವು, ಈಚೆ ದಡದ ಜನರ ಕೈ ಸೇರಿದವು. ಆ ಜನ ಹಾಕಿದ ಕೂಗಿಗೆ ಹೊಳೆಯೇ ಒಂದು ಗಳಿಗೆ ಹರಿಯುವುದನ್ನು ಮರೆತು ನಿಂತಿತ್ತು ಅನ್ನುತ್ತಾರೆ. ನಿಂತೇ ಇರಬೇಕು.

ಸಂಕಣ್ಣ ಬಂದರಿನಿಂದ ವಾಪಸ್ಸು ಬಂದು ಗುರುವಿನ ಪಕ್ಕ ಕುಸಿದು ಕೂತ. ಖಾಲಿ ಚೀಲಗಳನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಸೊಂಟ ಮುಟ್ಟಿಕೊಂಡ. ಅಲ್ಲಿ ಏನೂ ಇರಲಿಲ್ಲ.

“ಗುರುವೇ, ಪೆಟ್ಟಿಗೆ ಖಾಲಿಯಾಯ್ತು.”

“ಹೂಂ.”

“ಇನ್ನು ನಾನು ಏನನ್ನ ಕಾಯಲಿ?”

“ಆ ಹಲಗೆಗಳನ್ನ ಕಾಯಿ. ಎಣ್ಣೆ ಬೆಲೆ ಏರಿದ ದಿನ, ಚಪ್ಪರಕ್ಕೆ ಅಂತ ದೊರೆ ಅವನ್ನೇ ಕೇಳ್ತಾನೆ.”