ಹಗ್ಗದ ಹಲಗೆ

“ಗುರುಗಳೇ, ನನ್ನ ಬರವಣಿಗೆಯನ್ನು ಓದಿದವರೆಲ್ಲ ಮೆಚ್ಚುತ್ತಾರೆ. ಕೆಲಸ ಮಾತ್ರ ಯಾರೂ ಕೊಡುವುದಿಲ್ಲ. ನಾನು ಇನ್ನೂ ಏನು ಕಲಿಯಬೇಕು?” ಎಂದು ಮರುಳಸಿದ್ಧ ಕೇಳಿದ.

ಅವನು ಕಂಪನಿಯ ನೌಕರಿ ಬಿಟ್ಟು ಎಂಟು ತಿಂಗಳಾಗಿತ್ತು. ಅಂಗಡಿಗಳಿಗೆ, ಸಣ್ಣಪುಟ್ಟ ಉದ್ದಿಮೆಗಳಿಗೆ ಜಾಹೀರಾತು, ಕರಪತ್ರ, ವ್ಯಾಪಾರದ ಪತ್ರ ಬರೆದುಕೊಡುವುದು ಅವನ ಈಗಿನ ಕಸುಬು. ಯಾರ ಕೈಕೆಳಗೂ ಇಲ್ಲ. ಇದಕ್ಕೆ ಫ್ರೀಲಾನ್ಸ್ ಎನ್ನುತ್ತಾರೆ ಎಂದು ಅವನೇ ಗುರುಗಳಿಗೆ ವಿವರಿಸಿದ.

“ಅಂದರೆ ಯಜಮಾನನೂ ಇಲ್ಲ, ಸಂಬಳವೂ ಇಲ್ಲ,” ಎಂದರು ಗುರುಗಳು.

“ಹೌದು. ಆದರೆ ಹಿಂದಕ್ಕೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ.”

“ಹಾಗಾದರೆ ಕೂತುಕೋ. ನಿನ್ನ ಹಾಗೇ ತೀರ್ಮಾನ ಮಾಡಿದ ಒಬ್ಬನಿದ್ದ,” ಎಂದು ಗುರುಗಳು ಕತೆ ತೆಗೆದರು.

ಒಂದು ಪೇಟೆಯಲ್ಲಿ ಒಬ್ಬ ಬರಹಗಾರ. ದೊಡ್ಡ ವರ್ತಕನ ಮಂಡಿಯಲ್ಲಿ ಕಾಗದಪತ್ರ ಬರೆಯುವುದು ಅವನ ಕೆಲಸ. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಅವನು ಬರೆದ ಕಾಗದ ತಲುಪಿದರೆ ಪರವೂರಿನ ವರ್ತಕರು ಅದನ್ನು ಮನೆಮಂದಿಗೆಲ್ಲ ತೋರಿಸುತ್ತಿದ್ದರಂತೆ. ಹೊಗಳಿಕೆ ಕೇಳಿ ಕೇಳಿ ಅವನಿಗೂ ಅನಿಸಿತು, ಇಷ್ಟು ಚೆನ್ನಾಗಿ ಬರೆಯುವ ನಾನು ಇನ್ನೊಬ್ಬನ ಗಾದಿಯ ಮೇಲೆ ಏಕೆ ಕೂತಿರಬೇಕು ಎಂದು. ಯುಗಾದಿಯ ಮರುದಿನ ಕೆಲಸ ಬಿಟ್ಟ.

ವರ್ತಕ ಸಿಟ್ಟಾಗಲಿಲ್ಲ. ನಕ್ಕ. “ಹೋಗಿ ಬಾ. ದೀಪಾವಳಿ ತನಕ ನಿನ್ನ ಜಾಗ ಖಾಲಿ ಇಟ್ಟಿರ್ತೀನಿ,” ಎಂದ.

ಬೈದಿದ್ದರೆ ಬರಹಗಾರ ಮರೆತುಬಿಡುತ್ತಿದ್ದ. ನಕ್ಕಿದ್ದನ್ನು ಮರೆಯಲಿಲ್ಲ. ಏನೇ ಆದರೂ ಆ ಜಾಗಕ್ಕೆ ಮರಳಿ ಹೋಗುವುದಿಲ್ಲ ಎಂದುಕೊಂಡ.

ಪೇಟೆಯ ಬೀದಿಯಲ್ಲಿ ಒಂದು ಜಗಲಿ ಹಿಡಿದು ಕೂತ. ತಲೆಯ ಮೇಲೆ ‘ಸಕಲ ವಿಧ ಲೇಖನ ಕಾರ್ಯ ನಿಪುಣ’ ಎಂದು ಬರೆದು ತೂಗುಹಾಕಿದ. ದಾರಿಹೋಕರು ನಿಂತು ಓದಿದರು. “ಎಂಥ ಅಕ್ಷರ!” ಎಂದರು. ಹೊರಟುಹೋದರು. ಲಗ್ನದ ಕಾಗದ ಒಂದೆರಡು ಬಂದವು, ಮತ್ತೇನೂ ಬರಲಿಲ್ಲ. ಹೊಗಳಿಕೆಯಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಶ್ರಾವಣದ ಹೊತ್ತಿಗೆ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು.

ಗಣೇಶನ ಹಬ್ಬ ಕಳೆದ ಮೇಲೆ ಒಬ್ಬ ಹೆಂಗಸು ಬಂದಳು. ಹಗ್ಗ ಹೊಸೆಯುವವಳು. ಕತ್ತಾಳೆಯನ್ನು ತಾನೇ ಕೊಳೆಹಾಕಿ, ತಾನೇ ಬಡಿದು ನಾರು ತೆಗೆದು, ಬಾವಿಯಿಂದ ನೀರು ಸೇದುವ ಹಗ್ಗ ಮಾಡುತ್ತಿದ್ದಳು. ಒಳ್ಳೆಯ ಗಟ್ಟಿ ಹಗ್ಗ. ಆದರೆ ಅವಳ ಅಂಗಡಿ ಇದ್ದದ್ದು ಪೇಟೆ ಮುಗಿಯುವ ಕಡೆ. ಜನ ಅಲ್ಲಿಯವರೆಗೆ ಹೋಗದೆ ನಡುಪೇಟೆಯಲ್ಲಿ ಸಿಗುವ ಟೊಳ್ಳು ಹಗ್ಗವನ್ನೇ ಕೊಳ್ಳುತ್ತಿದ್ದರು. ಅವಳು ಒಂದು ಹಲಗೆ ತಂದು ಅವನ ಮುಂದಿಟ್ಟಳು.

“ಇದರ ಮ್ಯಾಲೆ ಬರ್ದುಕೊಡಪ್ಪಾ. ಪ್ಯಾಟೆ ಬಾಗಿಲಾಗೆ ಕಟ್ತೀನಿ. ನಾಲ್ಕು ಜನ ಓದಿ ನನ್ನ ಅಂಗಡಿ ಕಡೆ ಬರಂಗಿರ್ಲಿ.”

ಬರಹಗಾರ ಎರಡು ದಿನ ಕೂತು ಬರೆದ. ‘ಅಖಂಡ ಸೌಭಾಗ್ಯವತಿಯರಾದ ಸಮಸ್ತ ಗೃಹಿಣೀ ಸಮುದಾಯಕ್ಕೆ ವಿನಯಪೂರ್ವಕ ವಿಜ್ಞಾಪನೆ ಏನೆಂದರೆ, ಅತ್ಯಂತ ಸುದೃಢವೂ ನಯನಮನೋಹರವೂ ಸಕಲ ಗುಣಸಂಪನ್ನವೂ ಆದ ರಜ್ಜುಗಳು ಪೇಟೆಯ ಕಟ್ಟಕಡೆಯ ಅಂಗಡಿಯಲ್ಲಿ ದೊರಕುವುವು.’ ಹಗ್ಗ ಎಂದರೆ ದನ ಕಟ್ಟುವವರ ಮಾತಾಯಿತು ಎಂದು ಅವನಿಗೆ ಅನಿಸಿತ್ತು. ಅದಕ್ಕೆ ರಜ್ಜು ಎಂದು ಬರೆದ. ಬರೆದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಹಲಗೆಯ ಮುಂದೆ ಜನ ನೆರೆದರು. ಆ ಅಕ್ಷರ ನೋಡಲು ಪಕ್ಕದ ಊರಿನಿಂದಲೂ ಬಂದರು. ಎರಡು ವಾರ ಕಳೆಯಿತು. ಅವಳು ಹಲಗೆಯನ್ನು ಬಿಚ್ಚಿಕೊಂಡು ಅವನ ಜಗಲಿಗೆ ಬಂದಳು.

“ಓದು, ಕೇಳೋಣ,” ಎಂದಳು.

ಅವನು ರಾಗವಾಗಿ ಓದಿದ.

“ಇದರಾಗೆ ನನ್ನ ಹಗ್ಗ ಎಲ್ಲೈತೆ?”

“ಇಲ್ಲೇ ಇದೆಯಲ್ಲ ತಾಯಿ, ರಜ್ಜು. ರಜ್ಜು ಅಂದರೆ ಹಗ್ಗ.”

“ಅಯ್ಯೋ ನಿನ್ನ! ಜನ ಅದನ್ನ ರಜ ಅಂತ ಓದ್ಕಂಡವ್ರೆ. ಕಟ್ಟಕಡೆ ಅಂಗಡಿಗೆ ರಜ ಅಂತೆ ಅಂದು ಬರೋ ಇಬ್ಬರು ಮೂವರೂ ನಿಂತೋದ್ರು!”

ಅವನಿಗೆ ರೋಷ ಬಂತು. “ಓದಿದವರೆಲ್ಲ ಹೊಗಳಿದರಲ್ಲ?” ಎಂದ.

“ಹೊಗಳಿದ್ದು ನಿನ್ನ. ನಾನು ಹಲಗೆ ತಂದದ್ದು ನನ್ನ ಹಗ್ಗಕ್ಕೆ. ಮೂಗಿಗಿಂತ ಮೂಗುತಿ ಭಾರ ಆತು ಕಣಪ್ಪಾ,” ಎಂದು ಹೇಳಿ ಹಲಗೆಯನ್ನು ಅಲ್ಲೇ ಬಿಟ್ಟು ಹೋದಳು.

ಮರುಳಸಿದ್ಧ ನಕ್ಕ. “ನಗಬೇಡ,” ಎಂದರು ಗುರುಗಳು. “ಅವನಿಗೆ ನಗು ಬರಲಿಲ್ಲ.”

ಬರಹಗಾರನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ದೀಪಾವಳಿಗೆ ಒಂದೇ ತಿಂಗಳಿತ್ತು. ಮಂಡಿಯ ಕಡೆಗೆ ನಾಲ್ಕು ಹೆಜ್ಜೆ ಹಾಕಿಯೂ ಹಾಕಿದ. ಬೀದಿಯ ತಿರುವಿನಲ್ಲಿ ನಿಂತ. ಒಂದು ಹಲಗೆಯನ್ನು ಸರಿಯಾಗಿ ಬರೆಯಲಾರದ ನಾನು ಅಲ್ಲಿಗೆ ಹೋದರೂ ಅದೇ ಮನುಷ್ಯನಾಗಿ ಹೋಗುತ್ತೇನೆ, ಇದನ್ನು ಬರೆದೇ ತೀರಬೇಕು ಎಂದುಕೊಂಡು ತಿರುಗಿ ಬಂದ. ಎರಡು ದಿನ ಕೂತು ಬರೆದದ್ದನ್ನು ಒಂದು ಗಳಿಗೆಯಲ್ಲಿ ಹೆರೆದು ಹಾಕಿದ.

ಹೆರೆದದ್ದೇನೋ ಆಯಿತು. ಬರೆಯಲು ಕೂತರೆ ಒಂದು ಮಾತೂ ಹೊಳೆಯಲಿಲ್ಲ. ಹಗ್ಗದ ಬಗ್ಗೆ ತನಗೆ ಏನೂ ಗೊತ್ತಿಲ್ಲ ಎಂದು ಆಗ ತಿಳಿಯಿತು. ಮನೆಗೆ ನೀರು ತರುತ್ತಿದ್ದವಳು ಹೆಂಡತಿ. ಅವನು ಹುಟ್ಟಿದಾಗಿನಿಂದ ಒಂದು ಕೊಡ ನೀರು ಸೇದಿದವನಲ್ಲ.

ಮರುದಿನ ಬೆಳಗ್ಗೆ ನಡುಪೇಟೆಯಲ್ಲಿ ಒಂದು ಹಗ್ಗ ಕೊಂಡ. ಆ ಹೆಂಗಸಿನ ಬಳಿ ಒಂದು ಹಗ್ಗ ಕೇಳಿ ತಂದ. ಎರಡನ್ನೂ ಹೆಗಲಿಗೆ ಹಾಕಿಕೊಂಡು ಊರ ಬಾವಿಗೆ ಹೋದ. ನೀರಿಗೆ ಬಂದವರ ಕೊಡ ಇಸಿದುಕೊಂಡು, ಒಂದು ದಿನ ಈ ಹಗ್ಗದಲ್ಲಿ, ಒಂದು ದಿನ ಆ ಹಗ್ಗದಲ್ಲಿ ಸೇದಿಕೊಟ್ಟ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಕ್ಷರದವನಿಗೆ ಗ್ರಹಚಾರ ಕೆಟ್ಟಿದೆ ಎಂದು ಗಂಡಸರು ಮಾತಾಡಿಕೊಂಡರು. ಮೂರನೆಯ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಆರನೆಯ ದಿನಕ್ಕೆ ಒಡೆದವು. ಬಟ್ಟೆ ಸುತ್ತಿಕೊಂಡು ಸೇದಿದ.

ಮೊದಮೊದಲು ಅವನು ಅವರನ್ನು ಕೇಳುತ್ತಿದ್ದ, “ಹಗ್ಗ ಹೇಗಿರಬೇಕಮ್ಮಾ?” ಅವರು, “ಹಗ್ಗ ಹಗ್ಗದ ಹಾಗಿರಬೇಕು,” ಎನ್ನುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟ. ಅವರು ಅವರಲ್ಲೇ ಆಡಿಕೊಳ್ಳುವ ಮಾತಿಗೆ ಕಿವಿಗೊಟ್ಟ. ಸುದೃಢ ಎಂದು ಯಾರೂ ಅನ್ನಲಿಲ್ಲ. ಗಟ್ಟಿ ಎಂದು ಕೂಡ ಅನ್ನಲಿಲ್ಲ. “ನಮ್ಮ ಕೊಡ ಮತ್ತೆ ತಳಕ್ಕೆ ಹೋಯ್ತು, ಇನ್ನು ಗರಡಿ ಕೇಳೋಕೆ ಹೋಗಬೇಕಲ್ಲ ದೇವರೇ,” ಎನ್ನುತ್ತಿದ್ದರು. ದಿನಕ್ಕೆ ಒಬ್ಬಳಾದರೂ ಅನ್ನುತ್ತಿದ್ದಳು.

ಬಾವಿಗೆ ಬಿದ್ದ ಕೊಡವನ್ನು ಎತ್ತಲು ಪಾತಾಳಗರಡಿ ಬೇಕು. ಅದೊಂದು ಕಬ್ಬಿಣದ ಕೊಕ್ಕೆಗಳ ಗೊಂಚಲು, ನೀನು ನೋಡಿರಲಾರೆ. ಆ ಪೇಟೆಯಲ್ಲಿ ಅದನ್ನು ಮಾಡುವ ಕಮ್ಮಾರ ಒಬ್ಬನಿದ್ದರೂ ಕೊಂಡವರು ಕಡಿಮೆ. ಬಾವಿಯ ಹತ್ತಿರ ಅದು ಇದ್ದದ್ದು ಒಂದೇ ಮನೆಯಲ್ಲಿ. ಕೇಳಲು ಹೋದವರು ಒಂದು ತಾಮ್ರದ ಚೊಂಬನ್ನು ಒತ್ತೆ ಇಡಬೇಕು, ಗರಡಿ ಹಿಂತಿರುಗಿಸಿ ಚೊಂಬು ಬಿಡಿಸಿಕೊಳ್ಳಬೇಕು. ಅದು ಅಲ್ಲಿಯ ಪದ್ಧತಿ.

ಇಪ್ಪತ್ತೆರಡನೆಯ ದಿನ ನಡುಪೇಟೆಯ ಹಗ್ಗ ಅವನ ಕೈಯಲ್ಲೇ ಕಡಿಯಿತು. ಕೊಡ ಯಾರದೋ. ಎತ್ತಿಕೊಡುವ ಹೊಣೆ ಅವನದು. ಮನೆಗೆ ಹೋಗಿ ಚೊಂಬು ತಂದು, ಆ ಮನೆಯ ಬಾಗಿಲು ತಟ್ಟಿದ. ಮನೆಯೊಡತಿ ಬಾಗಿಲು ತೆಗೆದು ಚೊಂಬು ನೋಡಿದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಈಗ ನೀನೂ ಬಂದೆಯಾ?” ಎಂದಳು.

ಅಷ್ಟೇ ಮಾತು. ಗರಡಿ ಹಿಡಿದು ಬಾವಿಯತ್ತ ಬರುವಾಗ ಅವನ ಕಿವಿ ಬಿಸಿಯಾಗಿತ್ತು. ಈ ಹೆಂಗಸರೆಲ್ಲ ಇಷ್ಟು ವರ್ಷ ಕೇಳಿಸಿಕೊಂಡು ಬಂದದ್ದು ಇಂಥ ಮಾತನ್ನೇ ಎಂದು ಅವನಿಗೆ ಆಗ ತಿಳಿಯಿತು. ಕೊಡ ಎತ್ತಿಕೊಟ್ಟು, ಗರಡಿ ಹಿಂತಿರುಗಿಸಿ, ನೇರವಾಗಿ ಹಗ್ಗ ಹೊಸೆಯುವವಳ ಅಂಗಡಿಗೆ ಹೋದ.

“ನಿನ್ನ ಹಗ್ಗ ಯಾವತ್ತೂ ಕಡಿಯೋದಿಲ್ಲ ಅಂತ ಬರೆಯಲೇ?” ಎಂದು ಕೇಳಿದ.

“ಯಾವತ್ತೂ ಕಡೀದ ಹಗ್ಗ ಯಾರು ಮಾಡ್ಯಾರು? ಒಂದು ವರ್ಷಕ್ಕೆ ನಾನು ಜವಾಬು. ಅದಕ್ಕಿಂತ ಒಂದು ದಿನ ಜಾಸ್ತಿ ಬರೀಬ್ಯಾಡ.”

ಅವನು ಹಲಗೆ ತೆಗೆದುಕೊಂಡ. ಬಟ್ಟೆ ಸುತ್ತಿದ ಕೈಯಲ್ಲಿ ಕುಂಚ ನಿಲ್ಲಲಿಲ್ಲ. ಸಾಲು ಒಂದು ಕಡೆಗೆ ಇಳಿಯಿತು. ಒಂದು ಅಕ್ಷರ ದೊಡ್ಡದು, ಒಂದು ಚಿಕ್ಕದು. ಹೊಸದಾಗಿ ಓಂ ನಾಮ ತಿದ್ದುವವರ ಅಕ್ಷರ ಇದಕ್ಕಿಂತ ವಾಸಿ. ಕೈ ವಾಸಿಯಾಗುವವರೆಗೆ ಕಾಯೋಣ ಎಂದ. ದೀಪಾವಳಿಗೆ ಏಳು ದಿನ ಉಳಿದಿತ್ತು. ಅವಳು ಕಾಯಲಿಲ್ಲ. ಹಲಗೆಯನ್ನು ಕಿತ್ತುಕೊಂಡು ಹೋಗಿ ಪೇಟೆಯ ಬಾಗಿಲಿಗೆ ಕಟ್ಟಿದಳು. ಅದರಲ್ಲಿ ಹೀಗಿತ್ತು:

‘ಈ ಹಗ್ಗ ಕೊಂಡರೆ ಒಂದು ವರ್ಷ ಪಾತಾಳಗರಡಿ ಕೇಳಿಕೊಂಡು ಯಾರ ಮನೆಗೂ ಹೋಗಬೇಕಾಗಿಲ್ಲ. ಪೇಟೆಯ ಕಡೆಯ ಅಂಗಡಿ.’

ಓದಲು ಬಂದವರು ಓದಿದರು. ಬಾರದವರಿಗೆ ಓದಿ ಹೇಳಿದರು. ಹೇಳಿಸಿಕೊಂಡವರು ಬಾವಿಕಟ್ಟೆಯಲ್ಲಿ ಉಳಿದವರಿಗೆ ಹೇಳಿದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವಳ ಅಂಗಡಿಯಲ್ಲಿ ಹಗ್ಗವಿರಲಿಲ್ಲ. ಮೊದಲು ಬಂದವಳು ಯಾರು ಗೊತ್ತೇ? ಆ ಗರಡಿಯ ಮನೆಯೊಡತಿ. “ಬಾಗಿಲು ತೆಗೆದು ತೆಗೆದು ನನಗೂ ಸಾಕಾಗೈತೆ,” ಎಂದು ನಾಲ್ಕು ಹಗ್ಗ ಕೊಂಡು ನೆರೆಹೊರೆಗೆ ಹಂಚಿದಳು.

ನಾಲ್ಕನೆಯ ದಿನ ಕಮ್ಮಾರ ಬಂದ. ಪಾತಾಳಗರಡಿ ಮಾಡುವವನು. ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. “ನನ್ನ ಹೊಟ್ಟೆ ಮ್ಯಾಲೆ ಹೊಡೆದ್ಯಲ್ಲೋ!” ಎಂದು ಕೂಗಾಡಿದ.

“ಹೊಡೆದದ್ದು ನಿಜ. ಕೂತ್ಕೋ. ನಿನ್ನ ಹತ್ತಿರ ಬಂದವರು ಏನೇನು ಮಾತಾಡ್ತಾರೆ ಹೇಳು,” ಎಂದ ಬರಹಗಾರ. ಕಮ್ಮಾರ ಕೂತು ಹೇಳಿದ. ಸಂಜೆಯೊಳಗೆ ಅವನ ಕುಲುಮೆಯ ಮುಂದೆಯೂ ಒಂದು ಹಲಗೆ ನೇತಾಡಿತು: ‘ಇನ್ನೂ ಆ ಹಗ್ಗ ಕೊಳ್ಳದವರಿಗೆ ಪಾತಾಳಗರಡಿ ಇಲ್ಲಿ ಸಿಗುತ್ತದೆ.’ ಊರು ನಕ್ಕಿತು. ನಗುತ್ತಲೇ ಕೊಂಡಿತು. ಆಮೇಲೆ ಕುಂಬಾರ ಬಂದ, ಗಾಣದವನು ಬಂದ, ಬಳೆಯವಳು ಬಂದಳು.

ದೀಪಾವಳಿಯ ದಿನ ವರ್ತಕ ತಾನೇ ಅವನ ಜಗಲಿಗೆ ಬಂದ. “ಜಾಗ ಖಾಲಿ ಇದೆ,” ಎಂದ.

“ಬೇರೆಯವರನ್ನು ಕೂರಿಸಿ ಯಜಮಾನರೇ. ಮಂಡಿಗೆ ಏನಾದರೂ ಬರೆಸಬೇಕಿದ್ದರೆ ಹೇಳಿ, ಬರೀತೀನಿ. ಆದರೆ ಮೊದಲು ಹತ್ತು ದಿನ ನಾನು ನಿಮ್ಮ ಗಿರಾಕಿಗಳ ಜೊತೆ ಅಂಗಡಿಯ ಹೊರಗೆ ನಿಲ್ಲಬೇಕು. ಅದಕ್ಕೆ ಒಪ್ಪಿದರೆ ಮಾತ್ರ,” ಎಂದ ಬರಹಗಾರ.

ವರ್ತಕ ಈ ಸಲ ನಗಲಿಲ್ಲ. ಒಪ್ಪಿದ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖದಲ್ಲಿ ಗೆಲುವು ಬಂದಿತ್ತು. ಒಂದೇ ಒಂದು ಸಂಶಯ ಉಳಿದಿತ್ತು.

“ಗುರುಗಳೇ, ಕೈ ವಾಸಿಯಾದ ಮೇಲೆ ಅವನ ಅಕ್ಷರ ಮೊದಲಿನ ಹಾಗೆ ಮುತ್ತಾಯಿತೇ?” ಎಂದು ಕೇಳಿದ.

“ಆ ಪೇಟೆಯಲ್ಲಿ ಅದನ್ನು ಯಾರೂ ಕೇಳಲಿಲ್ಲ ಮಗು, ನೀನೊಬ್ಬ ಕೇಳಿದೆ,” ಎಂದರು ಗುರುಗಳು.